ಮಳೆನೀರು ತೀರಿದ ಮೇಲೆ ಬ್ಲೂಬೆರಿ ಕುಂಡಗಳಿಗೆ ಯಾವ ನೀರು? ಅಕ್ವೇರಿಯಂ ಕೆಎಚ್ ಕಿಟ್ ಒಂದರ ವಿಮರ್ಶೆ

ಬೆಂಗಳೂರಿನ ತಾರಸಿಯ ಮೇಲೆ ಕುಂಡಗಳಲ್ಲಿ ಬ್ಲೂಬೆರಿ ಬೆಳೆಸುವವರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸಾಧನ ನರ್ಸರಿಯಲ್ಲಿ ಸಿಗುವುದಿಲ್ಲ, ಅಲಂಕಾರಿಕ ಮೀನು ಮಾರುವ ಅಂಗಡಿಯಲ್ಲಿ ಸಿಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ನೀರಿನ ಕ್ಷಾರತೆಯನ್ನು, ಎಂದರೆ ಹುಳಿಯನ್ನು ಕೊಲ್ಲುವ ಅದರ ಶಕ್ತಿಯನ್ನು, ಹನಿ ಎಣಿಸಿ ಅಳೆಯುವ ಸಣ್ಣ ಕಿಟ್. ನಾನು ಬಳಸುತ್ತಿರುವುದು ಎಪಿಐ ಕಂಪನಿಯ ಜಿಎಚ್–ಕೆಎಚ್ ಕಿಟ್; ಜಿಎಚ್ ಎಂದರೆ ನೀರಿನ ಗಡಸುತನ, ಕೆಎಚ್ ಎಂದರೆ ಕ್ಷಾರತೆ. ಇದೇ ತತ್ವದ ಮೇಲೆ ಕೆಲಸ ಮಾಡುವ ಬೇರೆ ಕಂಪನಿಗಳ ಕಿಟ್‌ಗಳೂ ಇವೆ, ಆದ್ದರಿಂದ ಇಲ್ಲಿ ಬರೆದಿರುವುದರಲ್ಲಿ ಬಹುಪಾಲು ಅವುಗಳಿಗೂ ಹೊಂದುತ್ತದೆ. ಮಳೆನೀರು ಕೈಗೆ ಸಿಗುವಷ್ಟು ದಿನ ಈ ಕಿಟ್ ಬೇಕೆನಿಸುವುದಿಲ್ಲ. ವಿಶಾಖ ಮಳೆ ಮುಗಿದು ಅಶ್ವಿನಿ, ಭರಣಿ ಮಳೆಗಳು ಬೀಳುವವರೆಗಿನ ಐದಾರು ತಿಂಗಳಲ್ಲಿ, ಡ್ರಮ್ಮಿನ ತಳ ಕಾಣತೊಡಗಿದಾಗ ಇದರ ಬೆಲೆ ತಿಳಿಯುತ್ತದೆ.

ಕಿಟ್ಟಿನ ಗುಣದೋಷಗಳಿಗೆ ಹೋಗುವ ಮೊದಲು ಈ ಗಿಡಕ್ಕೆ ನೀರಿನ ವಿಷಯದಲ್ಲಿ ಇಷ್ಟೊಂದು ಎಚ್ಚರಿಕೆ ಏಕೆ ಬೇಕು ಎಂಬುದನ್ನು ಹೇಳಬೇಕು. ಬ್ಲೂಬೆರಿ ಎರಿಕೇಸಿ ಕುಟುಂಬಕ್ಕೆ ಸೇರಿದ ಗಿಡ. ನೀಲಗಿರಿಯ ಶೋಲಾ ಕಾಡುಗಳಲ್ಲಿ ಬೆಳೆಯುವ ವ್ಯಾಕ್ಸಿನಿಯಮ್ ಲೆಷನಾಲ್ಟಿಯೈ ಎಂಬ ಕಾಡುಗಿಡವೂ ಇದರದೇ ಜಾತಿಯದು. ಹುಳಿ ಮಣ್ಣಿಲ್ಲದೆ ಬ್ಲೂಬೆರಿ ಬೆಳೆಯದು ಎಂಬುದನ್ನು ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ 1910ರ ಹೊತ್ತಿಗೇ ಪ್ರಯೋಗಗಳಿಂದ ತೋರಿಸಿದರು, ಆ ತಿಳಿವಳಿಕೆಯ ಬಲದಿಂದಲೇ ನ್ಯೂಜೆರ್ಸಿಯ ವೈಟ್ಸ್‌ಬಾಗ್‌ನಲ್ಲಿ ಎಲಿಜಬೆತ್ ವೈಟ್ ಅವರ ಜೊತೆಗೂಡಿ 1916ರಲ್ಲಿ ಮೊದಲ ವಾಣಿಜ್ಯ ಬೆಳೆಯನ್ನು ಮಾರುಕಟ್ಟೆಗೆ ಕಳಿಸಿದರು. ಮಣ್ಣಿನ ಪಿಎಚ್ (ಹುಳಿ–ಕ್ಷಾರದ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.5ರಿಂದ 5.5ರ ನಡುವೆ ಇದ್ದರೆ ಗಿಡ ನೆಮ್ಮದಿಯಾಗಿರುತ್ತದೆ. ಅದಕ್ಕಿಂತ ಮೇಲೇರಿದಂತೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ; ಚಿಗುರೆಲೆ ನಿಂಬೆಹಳದಿಗೆ ತಿರುಗುತ್ತದೆ, ನರಗಳು ಮಾತ್ರ ಹಸಿರಾಗಿಯೇ ಉಳಿದು ಎಲೆಯ ಮೇಲೆ ಬಲೆ ಹರಡಿದಂತೆ ಎದ್ದು ಕಾಣುತ್ತವೆ. ಹಳೆಯ ಎಲೆಗಳು ಹಸಿರಾಗಿದ್ದು ತುದಿಯ ಎಲೆಗಳಷ್ಟೇ ಹೀಗಾಗಿದ್ದರೆ ಗೊಬ್ಬರ ಸುರಿಯುವ ಮುನ್ನ ನೀರನ್ನು ಅನುಮಾನಿಸಬೇಕು. ಈ ಗಿಡದ ಬೇರಿಗೆ ಬೇರುರೋಮಗಳಿರುವುದಿಲ್ಲ, ಬೇರು ಕುಂಡದ ಮೇಲ್ಭಾಗದಲ್ಲೇ ನವಿರಾಗಿ ಹರಡಿರುತ್ತದೆ. ಆದ್ದರಿಂದ ನೀರು ಒಂದು ದಿನ ತಪ್ಪಿದರೂ ಬಾಡುತ್ತದೆ, ಕೆಟ್ಟ ನೀರಿನ ಪರಿಣಾಮವನ್ನೂ ಬೇಗ ತೋರಿಸುತ್ತದೆ.

ನಮ್ಮಲ್ಲಿ ಕುಂಡದಲ್ಲಿ ಬೆಳೆಸಲು ಸಿಗುವುದು ಹೆಚ್ಚಾಗಿ ಬಿಲಾಕ್ಸಿ, ಮಿಸ್ಟಿ, ಶಾರ್ಪ್‌ಬ್ಲೂ ಮುಂತಾದ ತಳಿಗಳು. ಹೆಚ್ಚು ಚಳಿ ಬೇಡದ ಇವುಗಳನ್ನು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅಭಿವೃದ್ಧಿಪಡಿಸಲಾಗಿದೆ, ಹಾಗಾಗಿ ಬೆಂಗಳೂರಿನ ಹವೆಯನ್ನು ಒಪ್ಪಿಕೊಳ್ಳುತ್ತವೆ. ಒಪ್ಪಿಕೊಳ್ಳದಿರುವುದು ಇಲ್ಲಿಯ ಬೋರ್‌ವೆಲ್ ನೀರನ್ನು. ನನ್ನ ಗಿಡಗಳಲ್ಲಿ ಹೂವು ಚಳಿಗಾಲದಲ್ಲಿ ಕಾಣಿಸಿಕೊಂಡು ಕಾಯಿ ಬಲಿಯುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಎಂದರೆ ಆಕಾಶದಿಂದ ಮಳೆ ಬೀಳುವುದೇ ಅಪರೂಪವಾದ, ಗಿಡಕ್ಕೆ ಮಾತ್ರ ದಿನವೂ ನೀರು ಬೇಕಾದ ತಿಂಗಳುಗಳಲ್ಲಿ.

ಬೆಂಗಳೂರಿನಲ್ಲಿ ಮಳೆಗೆ ಕೊರತೆಯಿಲ್ಲ, ಮಳೆಯನ್ನು ಇಟ್ಟುಕೊಳ್ಳುವ ಜಾಗಕ್ಕೆ ಕೊರತೆ. ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ಇದು. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. 80 ಚದರ ಮೀಟರ್ ತಾರಸಿಯಿರುವ ಮನೆಗೆ 10 ಮಿಲಿಮೀಟರಿನ ಒಂದು ಮಳೆಯಿಂದ 800 ಲೀಟರ್‌ವರೆಗೂ ನೀರು ಬರುತ್ತದೆ, 200 ಲೀಟರಿನ ನೀಲಿ ಡ್ರಮ್ ನೋಡನೋಡುತ್ತಿದ್ದಂತೆ ತುಂಬಿ ಹರಿಯುತ್ತದೆ. ಆದರೆ ಬೇಸಿಗೆಯಲ್ಲಿ ದೊಡ್ಡ ಕುಂಡದ ಒಂದು ಗಿಡಕ್ಕೆ ದಿನಕ್ಕೆ ಎರಡು ಲೀಟರ್ ನೀರು ಎಂದಿಟ್ಟುಕೊಂಡರೂ ಹತ್ತು ಗಿಡಗಳಿಗೆ ಆ ಡ್ರಮ್ ಹತ್ತು ದಿನಕ್ಕೆ ಖಾಲಿ. ನಾಲ್ಕು ತಿಂಗಳ ಒಣಹವೆಯನ್ನು ಶುದ್ಧ ಮಳೆನೀರಿನಲ್ಲೇ ದಾಟಿಸಬೇಕಾದರೆ 2,400 ಲೀಟರ್ ಸಂಗ್ರಹ ಬೇಕು. 30x40 ನಿವೇಶನದಲ್ಲಿ ಅಷ್ಟನ್ನು ಬ್ಲೂಬೆರಿಗೆಂದೇ ಮೀಸಲಿಡಬಲ್ಲ ಮನೆಗಳು ಕಡಿಮೆ. ಹೀಗಾಗಿ ಪ್ರಶ್ನೆ ಮಳೆನೀರೋ ನಲ್ಲಿ ನೀರೋ ಎಂಬುದಲ್ಲ. ಇರುವ ಮಳೆನೀರನ್ನು ಯಾವ ನೀರಿನೊಂದಿಗೆ, ಯಾವ ಪ್ರಮಾಣದಲ್ಲಿ ಬೆರೆಸಿದರೆ ಗಿಡಕ್ಕೆ ತೊಂದರೆಯಾಗದಂತೆ ಬೇಸಿಗೆ ದಾಟಬಹುದು ಎಂಬುದು. ಅದಕ್ಕೆ ಉತ್ತರ ಕೊಡುವುದು ಈ ಕಿಟ್.

ಸಾಮಾನ್ಯವಾಗಿ ಜನ ಮೊದಲು ಕೊಳ್ಳುವುದು ಪಿಎಚ್ ಪೆನ್ ಅಥವಾ ಟಿಡಿಎಸ್ ಮೀಟರ್. ಆರ್‌ಒ ರಿಪೇರಿಗೆ ಬರುವವರ ಕೈಯಲ್ಲಿರುವ ಟಿಡಿಎಸ್ ಮೀಟರ್ ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಎಂಬುದನ್ನು ಅಂದಾಜಿಸುತ್ತದೆ, ಆ ಲವಣ ಯಾವುದೆಂದು ಹೇಳುವುದಿಲ್ಲ. ಪಿಎಚ್ ಪೆನ್ ನೀರು ಈ ಕ್ಷಣದಲ್ಲಿ ಎಷ್ಟು ಹುಳಿ ಅಥವಾ ಎಷ್ಟು ಕ್ಷಾರ ಎಂಬುದನ್ನು ತೋರಿಸುತ್ತದೆ, ಆ ನೀರು ದಿನದಿನವೂ ಕುಂಡಕ್ಕೆ ಬಿದ್ದರೆ ಮಣ್ಣಿನ ಹುಳಿಯನ್ನು ಎಷ್ಟರ ಮಟ್ಟಿಗೆ ಕೊಲ್ಲುತ್ತದೆ ಎಂಬುದನ್ನು ತೋರಿಸುವುದಿಲ್ಲ. ಪಿಎಚ್ ಜೇಬಿನಲ್ಲಿ ಕಾಣುವ ಚಿಲ್ಲರೆಯಾದರೆ ಕ್ಷಾರತೆ ಬ್ಯಾಂಕಿನಲ್ಲಿರುವ ಇಡುಗಂಟು. ಪಿಎಚ್ 7.5 ಇರುವ ಎರಡು ನೀರುಗಳಲ್ಲಿ ಒಂದರ ಬೈಕಾರ್ಬೊನೇಟ್ (ಕ್ಷಾರತೆಗೆ ಮುಖ್ಯ ಕಾರಣವಾದ ಅಂಶ) ಇನ್ನೊಂದರ ಐದು ಪಟ್ಟು ಇರಬಹುದು, ಪೆನ್ನಿಗೆ ಎರಡೂ ಒಂದೇ. ಗಿಡಕ್ಕೆ ಮಾತ್ರ ಒಂದು ಸಹ್ಯ, ಇನ್ನೊಂದು ನಿಧಾನ ವಿಷ. ಕುಂಡದಲ್ಲಿ ಇದು ಇನ್ನೂ ತೀವ್ರ, ಏಕೆಂದರೆ ಅಲ್ಲಿರುವ ಮಣ್ಣೇ ಸ್ವಲ್ಪ, ಕ್ಷಾರವನ್ನು ತಡೆದುಕೊಳ್ಳುವ ಅದರ ಶಕ್ತಿಯೂ ಸ್ವಲ್ಪ.

ಇನ್ನು ಕಿಟ್ ಹೇಗೆ ಕೆಲಸ ಮಾಡುತ್ತದೆ ಎಂಬುದು. ಪೆಟ್ಟಿಗೆಯಲ್ಲಿ ಎರಡು ಪುಟ್ಟ ಬಾಟಲಿಗಳೂ ಗೆರೆ ಹಾಕಿದ ಗಾಜಿನ ಕೊಳವೆಗಳೂ ಇರುತ್ತವೆ. ನಮಗೆ ಬೇಕಾದದ್ದು ಕೆಎಚ್ ಎಂದು ಬರೆದಿರುವ ಬಾಟಲಿ. ಕೊಳವೆಯಲ್ಲಿ 5 ಮಿಲಿಲೀಟರ್ ಗೆರೆಯವರೆಗೆ ನೀರು ತುಂಬಿ, ಬಾಟಲಿಯನ್ನು ನೇರವಾಗಿ ತಲೆಕೆಳಗೆ ಹಿಡಿದು ಒಂದೊಂದೇ ಹನಿ ಹಾಕಿ, ಪ್ರತಿ ಹನಿಯ ಬಳಿಕ ಮುಚ್ಚಳ ಹಾಕಿ ಅಲುಗಾಡಿಸಬೇಕು. ಮೊದಲ ಹನಿಗೆ ನೀರು ತಿಳಿನೀಲಿಯಾಗುತ್ತದೆ. ಹನಿಗಳು ಹೆಚ್ಚಿದಂತೆ ನೀಲಿ ಗಾಢವಾಗುತ್ತಾ ಹೋಗಿ, ಕೊನೆಯ ಹಂತದಲ್ಲಿ ಒಂದು ಹನಿಗೆ ಮಾಸಲು ಹಸಿರಾಗಿ, ಮುಂದಿನ ಹನಿಗೆ ಥಟ್ಟನೆ ಹಳದಿಯಾಗುತ್ತದೆ. ಹಳದಿಯಾಗುವಷ್ಟರಲ್ಲಿ ಬಿದ್ದ ಹನಿಗಳೆಷ್ಟೋ ಕ್ಷಾರತೆ ಅಷ್ಟು ಡಿಗ್ರಿ. ಒಂದು ಡಿಗ್ರಿ ಎಂದರೆ ಲೀಟರಿಗೆ 17.9 ಮಿಲಿಗ್ರಾಂ, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. ಲ್ಯಾಬಿನ ವರದಿಯಲ್ಲಿ ‘ಒಟ್ಟು ಕ್ಷಾರತೆ’ ಎಂದು ಕೊಡುವ ಅಂಕಿಯೂ ಇದೇ ಲೆಕ್ಕದ್ದು, ಹಾಗಾಗಿ ಎರಡನ್ನೂ ಹೋಲಿಸಬಹುದು. ಬಣ್ಣ ನೋಡಲು ಕೊಳವೆಯ ಹಿಂದೆ ಬಿಳಿ ಹಾಳೆ ಹಿಡಿದು ಹಗಲಿನ ಬೆಳಕಿನಲ್ಲಿ ನೋಡಬೇಕು; ಟ್ಯೂಬ್‌ಲೈಟಿನ ಕೆಳಗೆ ಮಾಸಲು ಹಸಿರು ಕಣ್ಣು ತಪ್ಪಿಸುತ್ತದೆ. ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ ಊಹಿಸುವ ಪೇಪರ್ ಸ್ಟ್ರಿಪ್‌ಗಳಿಗಿಂತ ಇದು ಬಹಳ ಮೇಲು ಎನ್ನುವುದು ಈ ಕಾರಣಕ್ಕೆ: ಇಲ್ಲಿ ನಾವು ಬಣ್ಣದ ಛಾಯೆಯನ್ನು ಅಳೆಯುತ್ತಿಲ್ಲ, ಬಣ್ಣ ಬದಲಾಗುವ ಗಳಿಗೆಯನ್ನು ಎಣಿಸುತ್ತಿದ್ದೇವೆ.

ನಂಬುವ ಮೊದಲು ಪರೀಕ್ಷಿಸುವುದು ಅಗತ್ಯವೆಂದು ಕಿಟ್ಟಿಗೇ ಒಂದು ಪರೀಕ್ಷೆ ಒಡ್ಡಿದೆ, ಅದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಒಂದು ಲೀಟರಿಗೆ 0.3 ಗ್ರಾಂ ಅಡುಗೆ ಸೋಡ ಕರಗಿಸಿದರೆ ಅದರ ಕ್ಷಾರತೆ ಸರಿಯಾಗಿ 10 ಡಿಗ್ರಿ ಬರಬೇಕೆಂಬುದು ರಸಾಯನಶಾಸ್ತ್ರದ ನೇರ ಲೆಕ್ಕ. ಅಷ್ಟು ಸಣ್ಣ ತೂಕ ಅಳೆಯುವ ತಕ್ಕಡಿ ಇಲ್ಲದಿದ್ದರೆ 3 ಗ್ರಾಂ ಸೋಡವನ್ನು ಒಂದು ಲೀಟರಿನಲ್ಲಿ ಕರಗಿಸಿ, ಅದರಿಂದ 100 ಮಿಲಿಲೀಟರ್ ತೆಗೆದು ಮತ್ತೆ ಒಂದು ಲೀಟರಿಗೆ ತುಂಬಿಸಿಕೊಳ್ಳಬಹುದು. ನನ್ನ ಕಿಟ್ ಹತ್ತನೆಯ ಹನಿಗೆ ಹಳದಿಯಾಯಿತು. ಬಾಟಲಿ ಹಳೆಯದಾದಾಗಲೂ ಇದೇ ಪರೀಕ್ಷೆಯಿಂದ ಅದು ಇನ್ನೂ ನೆಟ್ಟಗಿದೆಯೇ ಎಂದು ತಿಳಿಯಬಹುದಾದ್ದರಿಂದ ಬಾಟಲಿಯ ಮೇಲಿನ ಅವಧಿಯ ದಿನಾಂಕವನ್ನೊಂದೇ ನೆಚ್ಚಿ ಕೂರಬೇಕಾಗಿಲ್ಲ.

ನಮ್ಮ ಮನೆಯ ನೀರುಗಳನ್ನು ಒಂದೊಂದಾಗಿ ಅಳೆದಾಗ ಸಿಕ್ಕ ಅಂಕಿಗಳು ಹೀಗಿವೆ. ಇವು ನಮ್ಮ ಬೀದಿಯವು, ಬೇರೆ ಬಡಾವಣೆಯಲ್ಲಿ ಬೇರೆ ಇರುತ್ತವೆ. ಬೋರ್‌ವೆಲ್ ನೀರು ಹಳದಿಯಾಗಲು 17 ಹನಿ ಬೇಕಾಯಿತು, ಎಂದರೆ ಲೀಟರಿಗೆ ಸುಮಾರು 300 ಮಿಲಿಗ್ರಾಂ. ಕಾವೇರಿ ನೀರಿಗೆ 6 ಹನಿ, ಸುಮಾರು 107 ಮಿಲಿಗ್ರಾಂ. ತಾರಸಿಯಿಂದ ನೇರವಾಗಿ ಪ್ಲಾಸ್ಟಿಕ್ ಡ್ರಮ್ಮಿಗೆ ಇಳಿದ ಮಳೆನೀರು ಮೊದಲ ಹನಿಗೇ ಹಳದಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹಾಕಿರುವ ಅಪೇಕ್ಷಣೀಯ ಮಿತಿಯೇ 200 ಮಿಲಿಗ್ರಾಂ ಕ್ಷಾರತೆ, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಅನುಮತಿಯಿದೆ. ಮನುಷ್ಯರು ನಿಶ್ಚಿಂತೆಯಿಂದ ಕುಡಿಯಬಹುದಾದ ನೀರು ಬ್ಲೂಬೆರಿಗೆ ಒಗ್ಗಬೇಕೆಂದೇನಿಲ್ಲ. ಈ ಗಿಡದ ಮಟ್ಟಿಗೆ ಕ್ಷಾರತೆ 100ರೊಳಗಿದ್ದರೆ ನಿಭಾಯಿಸಬಹುದು, 50ರ ಹತ್ತಿರ ಇಟ್ಟುಕೊಂಡರೆ ನಿರಾತಂಕ. ನಾಲ್ಕು ಹನಿಯ ಒಳಗಿರಲಿ ಎಂಬುದು ನಾನು ಇಟ್ಟುಕೊಂಡಿರುವ ಗೆರೆ.

ಕಿಟ್ಟಿನಿಂದ ತಿಳಿದ ಅತ್ಯಂತ ಮುಖ್ಯ ಸಂಗತಿ ಮಳೆನೀರಿನ ಬಗ್ಗೆಯೇ. ಅದೇ ತಾರಸಿಯ ನೀರು ಸಿಮೆಂಟಿನ ಸಂಪಿನಲ್ಲಿ ಕೆಲವು ವಾರ ನಿಂತ ಮೇಲೆ 4 ಹನಿ ತೋರಿಸಿತು. ಮಳೆನೀರಿನಲ್ಲಿ ಲವಣವೇ ಇಲ್ಲದ್ದರಿಂದ ಅದು ಮುಟ್ಟಿದ್ದನ್ನೆಲ್ಲ ಕರಗಿಸಿಕೊಳ್ಳುತ್ತದೆ. ಸಿಮೆಂಟಿನ ಗೋಡೆಯಿಂದ ಸುಣ್ಣದಂಶವನ್ನು ಎಳೆದುಕೊಂಡು ತನ್ನ ಒಳ್ಳೆಯ ಗುಣವನ್ನು ತಾನೇ ಕಳೆದುಕೊಳ್ಳುತ್ತದೆ. ಬೇಸಿಗೆಯ ತಾಪ ತಗ್ಗಿಸಲೆಂದು ತಾರಸಿಗೆ ಸುಣ್ಣ ಬಳಿದಿರುವ ಮನೆಗಳಲ್ಲಿ ಮೊದಲ ಮಳೆಗಳ ನೀರೂ ಹೀಗೆಯೇ ಇರುತ್ತದೆ, ಹೊಸದಾಗಿ ಕಟ್ಟಿದ ಮನೆಯ ತಾರಸಿಯ ನೀರೂ ಹೀಗೆಯೇ. ಮಳೆಕೊಯ್ಲು ಮಾಡಿಸಿಕೊಂಡ ಎಷ್ಟೋ ಮನೆಗಳಲ್ಲಿ ನೀರು ಸೇರುವುದು ಸಂಪಿಗೆ, ಅಲ್ಲಿ ಅದು ಕಾವೇರಿ ಅಥವಾ ಟ್ಯಾಂಕರ್ ನೀರಿನೊಂದಿಗೆ ಬೆರೆಯುತ್ತದೆ. ಮನೆ ಬಳಕೆಗೆ ಅದು ಅತ್ಯುತ್ತಮ, ಆ ವ್ಯವಸ್ಥೆಯ ಬಗ್ಗೆ ನನಗೆ ತುಂಬು ಗೌರವವಿದೆ. ಬ್ಲೂಬೆರಿಗೆ ಮಾತ್ರ ಪೈಪಿಗೆ ಒಂದು ಟೀ ಹಾಕಿಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆಯಾಗಿ ಹಿಡಿಯಬೇಕು. ಡ್ರಮ್ಮಿನ ಬಾಯಿಗೆ ಸೊಳ್ಳೆ ಪರದೆಯ ಬಲೆ ಬಿಗಿದು ಕಟ್ಟಿ, ಬಿಸಿಲು ಬೀಳದಂತೆ ಮುಚ್ಚಿಟ್ಟರೆ ನೀರು ಪಾಚಿ ಕಟ್ಟದೆ ತಿಂಗಳುಗಟ್ಟಲೆ ಉಳಿಯುತ್ತದೆ.

ಅಪಾರ್ಟ್‌ಮೆಂಟ್ ನಿವಾಸಿಗಳು ಇಲ್ಲಿ ವಿಶೇಷ ಗಮನ ಕೊಡಬೇಕು. ದೊಡ್ಡ ಸಮುಚ್ಚಯಗಳಲ್ಲಿ ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್ ಘಟಕವಿರುತ್ತದೆ, ನಲ್ಲಿಯಲ್ಲಿ ಬಿಳಿ ಕಲೆ ಕಟ್ಟದ ಆ ನೀರು ಗಿಡಕ್ಕೂ ಮೃದು ಎಂಬ ನಂಬಿಕೆ ವ್ಯಾಪಕವಾಗಿದೆ. ಸ್ನೇಹಿತರೊಬ್ಬರ ಮನೆಯ ಸಾಫ್ಟ್‌ನರ್ ನೀರನ್ನು ಈ ಕಿಟ್ಟಿನ ಎರಡೂ ಬಾಟಲಿಗಳಿಂದ ಅಳೆದೆವು. ಗಡಸುತನ ತೋರಿಸುವ ಜಿಎಚ್ ಬಹುತೇಕ ಸೊನ್ನೆಗಿಳಿದಿತ್ತು. ಕೆಎಚ್ ಮಾತ್ರ ಸಂಸ್ಕರಿಸದ ನೀರಿನಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು. ಸಾಫ್ಟ್‌ನರ್ ಮಾಡುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗದಲ್ಲಿ ಸೋಡಿಯಂ ಕೂರಿಸುವ ಕೆಲಸ. ಬೈಕಾರ್ಬೊನೇಟನ್ನು ಅದು ಮುಟ್ಟುವುದೇ ಇಲ್ಲ. ಬ್ಲೂಬೆರಿಗೆ ಸೋಡಿಯಂ ಕೂಡ ಆಗದು. ಆದ್ದರಿಂದ ಸಾಫ್ಟ್‌ನರ್ ನೀರು ಗಡಸು ನೀರಿಗಿಂತಲೂ ಕೆಟ್ಟದ್ದು, ಅದನ್ನು ಆಮ್ಲ ಹಾಕಿ ಸರಿಪಡಿಸಲೂ ಹೋಗಬಾರದು. ಹೀಗೆ ಜಿಎಚ್ ಮತ್ತು ಕೆಎಚ್ ಎರಡನ್ನೂ ಬೇರೆಬೇರೆಯಾಗಿ ಅಳೆಯುವ ಅವಕಾಶ ಒಂದೇ ಪೆಟ್ಟಿಗೆಯಲ್ಲಿರುವುದು ಈ ಕಿಟ್ಟಿನ ದೊಡ್ಡ ಅನುಕೂಲ.

ಆರ್‌ಒ ನೀರಿನ ಕಥೆ ಇದಕ್ಕೆ ವಿರುದ್ಧ. ಫಿಲ್ಟರಿನಿಂದ ಕುಡಿಯಲು ಬರುವ ನೀರು ನಮ್ಮಲ್ಲಿ ಒಂದು ಹನಿಗೆ ಹಳದಿಯಾಯಿತು, ಎಂದರೆ ಮಳೆನೀರಿಗೆ ಸಮ. ಕೆಲವು ಆರ್‌ಒ ಯಂತ್ರಗಳಲ್ಲಿ ರುಚಿಗಾಗಿ ಕಚ್ಚಾ ನೀರನ್ನು ಸ್ವಲ್ಪ ಬೆರೆಸುವ ಅಥವಾ ಖನಿಜ ಸೇರಿಸುವ ವ್ಯವಸ್ಥೆ ಇರುತ್ತದಾದ್ದರಿಂದ ಅಳೆದೇ ನಂಬಬೇಕು. ಹಿಂದಿನ ಕೊಳವೆಯಿಂದ ಹೊರಹೋಗುವ ತ್ಯಾಜ್ಯ ನೀರಿನಲ್ಲಿ ಮಾತ್ರ ಎಲ್ಲ ಲವಣವೂ ಸಾಂದ್ರವಾಗಿ ಸೇರಿರುತ್ತದೆ. ನೀರು ಪೋಲಾಗಬಾರದೆಂಬ ಒಳ್ಳೆಯ ಮನಸ್ಸಿನಿಂದ ಅನೇಕರು ಅದನ್ನು ಗಿಡಗಳಿಗೆ ಹಾಕುತ್ತಾರೆ. ತೆಂಗಿನ ಮರಕ್ಕೋ ನೆಲ ಒರೆಸಲಿಕ್ಕೋ ಅದು ಸರಿ, ಬ್ಲೂಬೆರಿ ಕುಂಡದ ಹತ್ತಿರಕ್ಕೂ ತರಬಾರದು. ಇನ್ನು ಬ್ಲೂಬೆರಿಗಾಗಿಯೇ ಆರ್‌ಒ ಓಡಿಸಿ ಒಂದಕ್ಕೆ ಎರಡು ಮೂರು ಪಟ್ಟು ನೀರನ್ನು ಚರಂಡಿಗೆ ಬಿಡುವುದು ಈ ಊರಿನಲ್ಲಿ ನ್ಯಾಯವಲ್ಲ ಎಂಬುದು ನನ್ನ ನಿಲುವು.

ಈ ಅಂಕಿಗಳು ಕೈಯಲ್ಲಿದ್ದರೆ ಮಳೆನೀರನ್ನು ಹಿಗ್ಗಿಸುವುದು ಸರಳ ಗಣಿತ. ಪಿಎಚ್ ಅಂಕಿಗಳನ್ನು ಕೂಡಿಸಿ ಸರಾಸರಿ ತೆಗೆಯಲು ಬರುವುದಿಲ್ಲ, ಕ್ಷಾರತೆಯ ಅಂಕಿಗಳನ್ನು ತೆಗೆಯಬಹುದು. ಕಿಟ್ಟಿನ ನಿಜವಾದ ಶಕ್ತಿ ಇರುವುದು ಇಲ್ಲಿಯೇ. ಸಮಪ್ರಮಾಣದಲ್ಲಿ ಕಾವೇರಿ ಮತ್ತು ಮಳೆನೀರು ಬೆರೆಸಿದರೆ 6 ಹನಿಯ ನೀರು 3 ಹನಿಗೆ ಇಳಿಯುತ್ತದೆ, ಡ್ರಮ್ ಎರಡು ಪಟ್ಟು ದಿನ ಬರುತ್ತದೆ. ಎರಡು ಪಾಲು ಕಾವೇರಿಗೆ ಒಂದು ಪಾಲು ಮಳೆನೀರು ಎಂದರೆ 4 ಹನಿ, ಡ್ರಮ್ ಮೂರು ಪಟ್ಟು ದಿನ. ಬೋರ್‌ವೆಲ್ ಮಾತ್ರ ಇರುವವರು ಒಂದು ಪಾಲು ಬೋರ್‌ವೆಲ್ಲಿಗೆ ಮೂರು ಪಾಲು ಮಳೆನೀರು ಬೆರೆಸಿದರೂ ನಾಲ್ಕು ಹನಿಯ ಗೆರೆ ಸ್ವಲ್ಪ ದಾಟುತ್ತದೆ, ಅಷ್ಟು ಮಳೆನೀರು ಖರ್ಚು ಮಾಡಿ ಉಳಿಸಿದ್ದು ಕಾಲು ಭಾಗ ಮಾತ್ರ. ಇಂಥಲ್ಲಿ ಮಿಶ್ರಣವೊಂದೇ ದಾರಿಯಲ್ಲ ಎಂಬುದು ಕಿಟ್ ನೋಡಿದ ಕೂಡಲೇ ಗೊತ್ತಾಗುತ್ತದೆ. ಟ್ಯಾಂಕರ್ ನೀರಿನದು ಬೇರೆಯೇ ಸಮಸ್ಯೆ: ಯಾವ ಬೋರ್‌ವೆಲ್‌ನಿಂದ ತುಂಬಿಸಿ ತಂದರೆಂಬುದು ಪ್ರತಿ ಲೋಡಿಗೂ ಬದಲಾಗಬಹುದು, ಆದ್ದರಿಂದ ಪ್ರತಿ ಬಾರಿ ಅಳೆಯಬೇಕು. ಕೊಳವೆಯಲ್ಲಿ ಹನಿ ಎಣಿಸಲು ಎರಡು ನಿಮಿಷ ಸಾಕಾಗುವುದರಿಂದ ಅದು ಹೊರೆಯೆನಿಸುವುದಿಲ್ಲ.

ಮಳೆನೀರು ಪೂರ್ತಿ ಮುಗಿದಾಗ ಉಳಿಯುವ ದಾರಿ ಆಮ್ಲ. ದಿನಸಿ ಅಂಗಡಿಯಲ್ಲೂ ಸಿಗುವ ಸಿಟ್ರಿಕ್ ಆಸಿಡ್ ಹರಳು ಮನೆಯ ಮಟ್ಟಿಗೆ ಸುರಕ್ಷಿತ. ನಮ್ಮ 6 ಹನಿಯ ಕಾವೇರಿ ನೀರನ್ನು ಪಿಎಚ್ 5.5ರ ಹತ್ತಿರಕ್ಕೆ ತರಲು 20 ಲೀಟರಿನ ಬಕೆಟ್ಟಿಗೆ ಸುಮಾರು 4 ಗ್ರಾಂ ಬೇಕಾಗುತ್ತದೆ. 17 ಹನಿಯ ಬೋರ್‌ವೆಲ್ ನೀರಿಗೆ ಅದೇ ಬಕೆಟ್ಟಿಗೆ 11 ಗ್ರಾಂ ದಾಟುತ್ತದೆ. ಆಮ್ಲದ ಪ್ರಮಾಣ ನಿರ್ಧರಿಸುವುದು ನೀರಿನ ಪಿಎಚ್ ಅಲ್ಲ, ಅದರ ಕ್ಷಾರತೆ. ಆದ್ದರಿಂದ ಬೇರೊಬ್ಬರ ಮನೆಯ ‘ಬಕೆಟ್ಟಿಗೆ ಒಂದು ಚಮಚ’ ಲೆಕ್ಕ ನಮ್ಮ ಮನೆಗೆ ಹೊಂದುವುದಿಲ್ಲ. ಆದರೆ ಇಲ್ಲಿ ಕಿಟ್ಟಿನ ಒಂದು ಮಿತಿಯನ್ನು ಸ್ಪಷ್ಟವಾಗಿ ಹೇಳಲೇಬೇಕು. ಸಿಟ್ರಿಕ್ ಆಸಿಡ್ ಹಾಕಿದ ಮೇಲೆ ಆ ನೀರನ್ನು ಕೆಎಚ್ ಬಾಟಲಿಯಿಂದ ಅಳೆದರೆ ಉತ್ತರ ಹೆಚ್ಚಾಗಿ ಬರುತ್ತದೆ, ಏಕೆಂದರೆ ನೀರಿನಲ್ಲಿ ಉಂಟಾದ ಸಿಟ್ರೇಟ್ ಕೂಡ ಒಂದಷ್ಟು ಹನಿಗಳನ್ನು ಹೀರಿಕೊಳ್ಳುತ್ತದೆ. ಆಮ್ಲ ಹಾಕುವ ಮುನ್ನ ಕೆಎಚ್ ಅಳೆದು ಪ್ರಮಾಣ ಲೆಕ್ಕ ಹಾಕಿಕೊಳ್ಳಬೇಕು, ಹಾಕಿದ ಮೇಲೆ ಪಿಎಚ್ ಪೆನ್ನಿನಿಂದ ನೋಡಬೇಕು.

ಸಿಟ್ರಿಕ್ ಆಸಿಡ್‌ನ ಇನ್ನೊಂದು ಮಿತಿ ಮಣ್ಣಿನಲ್ಲಿದೆ. ಕುಂಡದ ಸೂಕ್ಷ್ಮಜೀವಿಗಳು ಸಿಟ್ರೇಟನ್ನು ತಿಂದು ಮುಗಿಸಿದಾಗ ಅದು ತಟಸ್ಥಗೊಳಿಸಿದ್ದ ಕ್ಷಾರದ ಬಹುಪಾಲು ಬೈಕಾರ್ಬೊನೇಟ್ ರೂಪದಲ್ಲಿ ಮರಳುತ್ತದೆ. ವಿನೆಗರ್ ಕೂಡ ಇದೇ ಜಾತಿ. ಗಂಧಕಾಮ್ಲಕ್ಕೆ ಈ ದೋಷವಿಲ್ಲ, ದೊಡ್ಡ ತೋಟಗಳಲ್ಲಿ ಅದನ್ನೇ ಬಳಸುತ್ತಾರೆ, ಆದರೆ ಮಕ್ಕಳು ಓಡಾಡುವ ತಾರಸಿಯಲ್ಲಿ ಬ್ಯಾಟರಿ ಆಸಿಡ್ ಇಟ್ಟುಕೊಳ್ಳುವುದನ್ನು ನಾನು ಯಾರಿಗೂ ಸೂಚಿಸಲಾರೆ. ಅದರ ಬದಲು ಸಿಟ್ರಿಕ್ ಆಸಿಡನ್ನು ಬೇಸಿಗೆಯ ಕೆಲವು ವಾರಗಳ ಊರುಗೋಲಿನಂತೆ ಇಟ್ಟುಕೊಂಡು, ಮಣ್ಣಿನ ಹುಳಿಯನ್ನು ದೀರ್ಘಕಾಲಕ್ಕೆ ಕಾಪಾಡುವ ಕೆಲಸವನ್ನು ಗೊಬ್ಬರಕ್ಕೆ ಬಿಡುವುದು ಲೇಸು. ಬ್ಲೂಬೆರಿ ನೈಟ್ರೇಟ್‌ಗಿಂತ ಅಮೋನಿಯಂ ರೂಪದ ಸಾರಜನಕವನ್ನು ಇಷ್ಟಪಡುತ್ತದೆ. ಅಮೋನಿಯಂ ಸಲ್ಫೇಟನ್ನು ಚಿಟಿಕೆಯಷ್ಟೇ ಪ್ರಮಾಣದಲ್ಲಿ ಆಗಾಗ ಕೊಟ್ಟರೆ ಆಹಾರವೂ ಆಯಿತು, ಮಣ್ಣು ಹುಳಿಯಾಗಿಯೂ ಉಳಿಯಿತು. ಗಂಧಕದ ಪುಡಿಯೂ ಸಹಾಯ ಮಾಡುತ್ತದೆ, ಆದರೆ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸಲು ತಿಂಗಳುಗಳು ಹಿಡಿಯುವುದರಿಂದ ಅದನ್ನು ಮಳೆಗಾಲದಲ್ಲೇ ಬೆರೆಸಿಟ್ಟಿರಬೇಕು.

ಪಿಎಚ್ ಪೆನ್ನಿನ ವಿಷಯ ಬಂದದ್ದರಿಂದ ಅದರ ಬಗ್ಗೆ ಎರಡು ಮಾತು. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಪೆನ್ನುಗಳು ಪಿಎಚ್ ಮೊದಲೇ ಗೊತ್ತಿರುವ ಬಫರ್ ದ್ರಾವಣದಲ್ಲಿ ಪದೇಪದೇ ಸರಿಹೊಂದಿಸಿಕೊಂಡರೆ ನಲ್ಲಿ ನೀರಿನಲ್ಲಿ ಒಂದು ಮಟ್ಟಕ್ಕೆ ಕೆಲಸ ಮಾಡುತ್ತವೆ. ಮಳೆನೀರಿನಲ್ಲಿ ಮಾತ್ರ ಅಂಕಿ ನಿಲ್ಲುವುದೇ ಇಲ್ಲ, ತೇಲುತ್ತಾ ಹೋಗುತ್ತದೆ. ಲವಣವಿಲ್ಲದ ನೀರಿನಲ್ಲಿ ವಿದ್ಯುತ್ ಹರಿಯುವುದು ಕಷ್ಟವಾದ್ದರಿಂದ ಇದು ಪೆನ್ನಿನ ಕೊರತೆಗಿಂತ ನೀರಿನ ಸ್ವಭಾವ. ಆಮ್ಲ ಹಾಕಿದ ಬಕೆಟ್ಟನ್ನು ರಾತ್ರಿಯಿಡೀ ತೆರೆದಿಟ್ಟರೆ ಬೆಳಿಗ್ಗೆ ಪಿಎಚ್ ಮೇಲೇರಿರುವುದೂ ಸಹಜ, ಏಕೆಂದರೆ ಕರಗಿದ್ದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿರುತ್ತದೆ. ಅದನ್ನು ನೋಡಿ ಮತ್ತೆ ಆಮ್ಲ ಸುರಿಯಬಾರದು. ತೆಗೆದ ಕ್ಷಾರ ತೆಗೆದದ್ದೇ.

ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಬ್ಲೂಬೆರಿಗೆ ಮಳೆನೀರನ್ನೇ ಕೊಡಿ ಎನ್ನುತ್ತಲೇ, ಅದು ತೀರಿದಾಗ ಸ್ವಲ್ಪ ಕಾಲ ನಲ್ಲಿ ನೀರು ಕೊಡಲು ಅಡ್ಡಿಯಿಲ್ಲ ಎಂದೂ ಹೇಳುತ್ತದೆ. ಈ ಸಲಹೆಯ ಹಿಂದಿನ ವಿವೇಕವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ: ಒಣಗಿದ ಬೇರಿಗೆ ಮರುಜೀವವಿಲ್ಲ, ಹಳದಿಯಾದ ಎಲೆಗೆ ಪರಿಹಾರವಿದೆ. ಆದರೆ ಅಲ್ಲಿಯ ‘ಸ್ವಲ್ಪ ಕಾಲ’ ಎರಡು ಮೂರು ವಾರವಾದರೆ ನಮ್ಮಲ್ಲಿ ಅದು ನಾಲ್ಕು ತಿಂಗಳು. ಅದರ ಮೇಲೆ, ನಲ್ಲಿ ನೀರು ಸದಾ ಸಿಗುತ್ತದೆಂಬ ಭರವಸೆಯೂ ಇಲ್ಲಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತ್ತು. ಮನೆಮನೆಯಲ್ಲಿ ಬಿಂದಿಗೆಗೆ ಪರದಾಟವಿದ್ದಾಗ ಅದು ತಕ್ಕ ಕ್ರಮವೇ ಆಗಿತ್ತು. ಅಂಥ ವರ್ಷಗಳಲ್ಲಿ ಡ್ರಮ್ಮಿನ ಮಳೆನೀರಿನ ಪ್ರತಿ ಲೀಟರಿಗೂ ಲೆಕ್ಕವಿರಬೇಕಾಗುತ್ತದೆ.

ಆ ಲೆಕ್ಕವನ್ನು ನಾನು ಹೀಗೆ ಇಟ್ಟುಕೊಂಡಿದ್ದೇನೆ. ದೀಪಾವಳಿಯ ಹೊತ್ತಿಗೆ ಡ್ರಮ್‌ಗಳು ತುಂಬಿರುತ್ತವೆ. ಅಂದಿನಿಂದಲೇ ಮಿಶ್ರಣ ಶುರು, ಶುದ್ಧ ಮಳೆನೀರನ್ನು ಮೊದಲು ಖಾಲಿ ಮಾಡಿ ಆಮೇಲೆ ನಲ್ಲಿಗೆ ಹೋಗುವುದಿಲ್ಲ. ಒಂದು ಡ್ರಮ್ಮನ್ನು ಬೀಗ ಹಾಕಿದಂತೆ ಮೀಸಲಿಟ್ಟು, ತಿಂಗಳಿಗೊಮ್ಮೆ ಕುಂಡದ ತಳದಿಂದ ಚೆನ್ನಾಗಿ ಹರಿದುಹೋಗುವಷ್ಟು ಶುದ್ಧ ಮಳೆನೀರು ಕೊಡುತ್ತೇನೆ, ಅದರಿಂದ ಕಟ್ಟಿಕೊಂಡ ಲವಣ ತೊಳೆದುಹೋಗುತ್ತದೆ. ಹೊರಬಂದ ನೀರನ್ನು ತಟ್ಟೆಯಲ್ಲಿ ಹಿಡಿದು ದಾಸವಾಳದ ಕುಂಡಕ್ಕೆ ಹಾಕಿದರೆ ವ್ಯರ್ಥವಾಗುವುದಿಲ್ಲ. ಉಳಿದ ದಿನಗಳಲ್ಲಿ ನಾಲ್ಕು ಹನಿಯ ಮಿಶ್ರಣ. ಮಣ್ಣಿನ ಮೇಲೆ ನಾಲ್ಕು ಬೆರಳು ದಪ್ಪ ತೆಂಗಿನ ಸಿಪ್ಪೆಯ ಚೂರು, ಮಧ್ಯಾಹ್ನದ ಬಿಸಿಲಿಗೆ ನೆರಳು ಬಲೆ, ನೀರು ಕೊಡುವುದು ಬೆಳಗಿನ ಜಾವ. ಇವು ಮೂರರಿಂದ ನೀರಿನ ಖರ್ಚು ಗಣನೀಯವಾಗಿ ಇಳಿಯುತ್ತದೆ. ಕೋಕೋಪೀಟ್ ಬಳಸುವವರು ಅದನ್ನು ಮೊದಲೇ ಚೆನ್ನಾಗಿ ತೊಳೆದು ಉಪ್ಪಿನಂಶ ತೆಗೆದಿರಬೇಕು, ಇಲ್ಲವಾದರೆ ನೀರು ಎಷ್ಟೇ ಶುದ್ಧವಾಗಿದ್ದರೂ ಎಲೆಯಂಚು ಸುಡುತ್ತದೆ. ಹೀಗೆ ನಡೆಸಿಕೊಂಡ ಗಿಡಗಳಲ್ಲಿ ಮಾರ್ಚಿನ ಚಿಗುರು ತುದಿಯವರೆಗೂ ಹಸಿರಾಗಿದೆ, ಕಾಯಿಯ ಮೇಲೆ ಬೂದುಬಣ್ಣದ ಹುಡಿ ತುಂಬಿಕೊಂಡಿದೆ.

ಕಿಟ್ಟಿನ ಕೊರತೆಗಳನ್ನೂ ಹೇಳಬೇಕು. ಇದು ಪೂರ್ಣ ಡಿಗ್ರಿಗಳನ್ನು ಮಾತ್ರ ಎಣಿಸುತ್ತದೆ. ಕಡಿಮೆ ಕ್ಷಾರತೆಯ ನೀರಿನಲ್ಲಿ ಹೆಚ್ಚು ನಿಖರತೆ ಬೇಕಾದರೆ 10 ಮಿಲಿಲೀಟರ್ ನೀರು ತೆಗೆದುಕೊಂಡು ಪ್ರತಿ ಹನಿಯನ್ನು ಅರ್ಧ ಡಿಗ್ರಿ ಎಂದು ಎಣಿಸಬೇಕು. ಗಡಸು ಬೋರ್‌ವೆಲ್ ನೀರಿಗೆ ಪ್ರತಿ ಬಾರಿ ಹದಿನೈದು ಇಪ್ಪತ್ತು ಹನಿ ಖರ್ಚಾಗುವುದರಿಂದ ಬಾಟಲಿ ಬೇಗ ಮುಗಿಯುತ್ತದೆ. ಅಂಥ ನೀರನ್ನು ಅಷ್ಟೇ ಪ್ರಮಾಣದ ಡಿಸ್ಟಿಲ್ಡ್ ನೀರಿನೊಂದಿಗೆ ಬೆರೆಸಿ ಅಳೆದು ಉತ್ತರವನ್ನು ಎರಡರಿಂದ ಗುಣಿಸಿಕೊಳ್ಳಬಹುದು. ಸೂಚನೆಗಳೆಲ್ಲ ಮೀನಿನ ತೊಟ್ಟಿಗಾಗಿ ಬರೆದವು, ಅವುಗಳಲ್ಲಿ ‘ಸೂಕ್ತ ಮಟ್ಟ’ ಎಂದಿರುವುದನ್ನು ಬ್ಲೂಬೆರಿಗೆ ಅನ್ವಯಿಸಬಾರದು. ಆಮದು ವಸ್ತುವಾದ್ದರಿಂದ ಬೆಲೆ ಪೇಪರ್ ಸ್ಟ್ರಿಪ್‌ಗಳಿಗಿಂತ ಹೆಚ್ಚು, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಒಂದೇ ಗಿಡವಿರುವವರು, ಅಡುಗೆಮನೆಯ ಆರ್‌ಒದಿಂದ ದಿನಕ್ಕೊಂದು ತಂಬಿಗೆ ನೀರು ಕೊಟ್ಟು ನಿಭಾಯಿಸಬಲ್ಲವರು ಇದನ್ನು ಕೊಳ್ಳಬೇಕಾಗಿಲ್ಲ. ಕೊಡಗು, ಚಿಕ್ಕಮಗಳೂರಿನ ಕಡೆ ತೊರೆಯ ನೀರೇ ಮೃದುವಾಗಿರುವಲ್ಲಿ ಒಮ್ಮೆ ಯಾರಿಂದಲಾದರೂ ಎರವಲು ತಂದು ಅಳೆದುಕೊಂಡರೆ ಸಾಕು. ಬಯಲುಸೀಮೆಯಲ್ಲಿ ಐದಾರು ಕುಂಡಗಳಿಗಿಂತ ಹೆಚ್ಚು ಇಟ್ಟುಕೊಂಡವರಿಗೆ ಮಾತ್ರ ಇದನ್ನು ಮರುಯೋಚನೆಯಿಲ್ಲದೆ ಕೊಳ್ಳಿ ಎನ್ನುತ್ತೇನೆ. ಜಿಎಚ್ ಮತ್ತು ಕೆಎಚ್ ಎರಡೂ ಇರುವ ಪೆಟ್ಟಿಗೆಯನ್ನೇ ಆರಿಸಿಕೊಳ್ಳಿ, ತಯಾರಿಕೆಯ ದಿನಾಂಕ ನೋಡಿ, ಮತ್ತು ಹಿಂಗಾರು ಮುಗಿಯುವ ಮೊದಲೇ ತರಿಸಿಕೊಳ್ಳಿ. ಡ್ರಮ್ ತುಂಬಿರುವಾಗಲೇ ಅಳೆದರೆ ಏಪ್ರಿಲ್‌ವರೆಗಿನ ನೀರನ್ನು ಪಾಲು ಹಾಕಲು ಸಾಧ್ಯ.